ಯಾರ ಎದುರು ಯಾರು: ಒಂದು ಕಾಲೇಜ್ ಫುಟ್‌ಬಾಲ್ ಫೈನಲ್‌ಗೆ ಮುಂಚಿನ ಲೆಕ್ಕಾಚಾರ

2024ರ ಜನವರಿ 1ರ ರಾತ್ರಿ ಕಳೆಯುವ ಹೊತ್ತಿಗೆ ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಎರಡೇ ತಂಡ ಉಳಿದಿದ್ದವು. ಒಂದು ಆನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯದ ತಂಡ. ಇನ್ನೊಂದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ್ದು. ಎರಡೂ ಆ ಸೀಸನ್‌ನಲ್ಲಿ 14 ಪಂದ್ಯ ಆಡಿ ಹದಿನಾಲ್ಕನ್ನೂ ಗೆದ್ದಿದ್ದವು. ಮಿಷಿಗನ್‌ಗೆ ಹಿಂದಿನ ಚಾಂಪಿಯನ್ ಪಟ್ಟ ಸಿಕ್ಕಿದ್ದು 1997ರಲ್ಲಿ, ವಾಷಿಂಗ್ಟನ್‌ಗೆ 1991ರಲ್ಲಿ. ಎರಡೂ ಸಲ ಪಟ್ಟವನ್ನು ಬೇರೊಂದು ತಂಡದ ಜೊತೆ ಹಂಚಿಕೊಳ್ಳಬೇಕಾಗಿತ್ತು. ಈ ಸಲ ಹಾಗಿಲ್ಲ, ಗೆದ್ದವರದ್ದೇ ಪೂರ್ತಿ ಪಟ್ಟ. ಫೈನಲ್ ಜನವರಿ 8ಕ್ಕೆ, ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ. ಮಧ್ಯೆ ಸಿಕ್ಕಿದ್ದು ಒಂದೇ ವಾರ.

ಆ ವಾರ ಎರಡೂ ಕಡೆಯ ಅಭಿಮಾನಿಗಳು ಕೂತು ಮಾಡಿದ ಕೆಲಸ ಒಂದೇ: ಮ್ಯಾಚಪ್‌ಗಳನ್ನು ತೂಗುವುದು. ನಮ್ಮ ಯಾವ ಆಟಗಾರನ ಎದುರು ಅವರ ಯಾವ ಆಟಗಾರ ಬರುತ್ತಾನೆ, ನಮ್ಮ ಯಾವ ಸಾಲಿನ ಎದುರು ಅವರ ಯಾವ ಸಾಲು ನಿಲ್ಲುತ್ತದೆ, ಅಲ್ಲಿ ಯಾರ ಕೈ ಮೇಲಾಗುತ್ತದೆ ಅನ್ನುವ ಲೆಕ್ಕ. ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೂ ಈ ಮಾತು ಹೊಸದಲ್ಲ. ಸಿಯಾಟಲ್ ಪಕ್ಕದ ಬೆಲ್‌ವ್ಯೂ, ರೆಡ್ಮಂಡ್‌ಗಳಲ್ಲೂ ಡೆಟ್ರಾಯಿಟ್ ಸುತ್ತಮುತ್ತಲೂ ನಮ್ಮವರು ಬಹಳ ಮಂದಿ ಇದ್ದಾರೆ. ಅವರ ಮಕ್ಕಳು ಓದುವುದು ಇದೇ ವಿಶ್ವವಿದ್ಯಾಲಯಗಳಲ್ಲಿ. ಮಕ್ಕಳಿಂದಾಗಿ ಅಪ್ಪ ಅಮ್ಮಂದಿರಿಗೂ ಆಟದ ರುಚಿ ಹತ್ತುತ್ತದೆ. ಆದರೆ ಟಿವಿಯಲ್ಲಿ ತಜ್ಞರು ಮಾತಾಡುವ ವೇಗಕ್ಕೆ ಹೊಸಬರಿಗೆ ಏನೂ ಅರ್ಥವಾಗುವುದಿಲ್ಲ. ಅಂಥವರಿಗಾಗಿ ಈ ಒಂದು ಪಂದ್ಯವನ್ನೇ ಹಿಡಿದು, ಅಭಿಮಾನಿಗಳು ಏನನ್ನು ನೋಡಿದರು, ಯಾವುದು ಸರಿ ಬಂತು, ಯಾವುದು ಕೈಕೊಟ್ಟಿತು ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಆಟದ ಅಡಿಪಾಯ. ಒಂದೊಂದು ಕಡೆ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಅನ್ನುತ್ತಾರೆ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಅವಕಾಶ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ, ಆಮೇಲೆ ಒದ್ದು ಇನ್ನೊಂದು ಅಂಕ ಸೇರಿಸಬಹುದು. ಅಷ್ಟು ದೂರ ಹೋಗಲಾಗದಿದ್ದರೆ ಕಂಬಗಳ ನಡುವೆ ಒದ್ದು ಫೀಲ್ಡ್ ಗೋಲ್, 3 ಅಂಕ. ಚೆಂಡನ್ನು ಮುಂದೆ ಒಯ್ಯುವ ದಾರಿ ಎರಡು. ರನ್ನಿಂಗ್ ಬ್ಯಾಕ್ ಹಿಡಿದುಕೊಂಡು ಓಡಬೇಕು, ಇಲ್ಲವೇ ಕ್ವಾರ್ಟರ್‌ಬ್ಯಾಕ್ ರಿಸೀವರ್‌ಗೆ ಎಸೆಯಬೇಕು. ಎರಡಕ್ಕೂ ಮುಂದಿನ ಸಾಲಿನಲ್ಲಿ ಐದು ಜನ ದೊಡ್ಡ ಮೈಕಟ್ಟಿನವರು ಇರುತ್ತಾರೆ, ಅದೇ ಆಫೆನ್ಸಿವ್ ಲೈನ್. ಓಟಕ್ಕೆ ದಾರಿ ಬಿಡಿಸುವವರೂ ಅವರೇ, ಎಸೆಯುವವನ ಮೈಗೆ ಯಾರೂ ಬೀಳದಂತೆ ತಡೆಯುವವರೂ ಅವರೇ. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ ಅದು ಸ್ಯಾಕ್.

ಐಪಿಎಲ್ ನೋಡುವವರಿಗೆ ಮ್ಯಾಚಪ್ ಅನ್ನುವುದು ಗೊತ್ತೇ ಇದೆ. ಎಡಗೈ ಬ್ಯಾಟರ್ ಬಂದ ತಕ್ಷಣ ನಾಯಕ ಆಫ್ ಸ್ಪಿನ್ನರ್ ಕೈಗೆ ಚೆಂಡು ಕೊಡುತ್ತಾನಲ್ಲ, ಅದೇ ಲೆಕ್ಕ. ಆದರೆ ಕ್ರಿಕೆಟ್‌ನಲ್ಲಿ ಒಂದು ಸಲಕ್ಕೆ ಒಬ್ಬನ ಎದುರು ಒಬ್ಬ. ಫುಟ್‌ಬಾಲ್‌ನಲ್ಲಿ ಪ್ರತಿ ಸಲವೂ 11 ಜನರ ಎದುರು 11 ಜನ ಒಟ್ಟಿಗೇ ಗುದ್ದಾಡುತ್ತಾರೆ. ಒಂದು ಕಡೆ ಗೆದ್ದರೂ ಇನ್ನೊಂದು ಕಡೆ ಸೋತರೆ ಮೊದಲಿನ ಗೆಲುವು ವ್ಯರ್ಥ. ಲೆಕ್ಕ ಕಷ್ಟವಾಗುವುದು ಇಲ್ಲೇ.

ಇನ್ನೊಂದು ತೊಡಕೂ ಇದೆ. ಕಾಲೇಜ್ ಫುಟ್‌ಬಾಲ್‌ನ ಮೇಲಿನ ಹಂತದಲ್ಲಿ 130ಕ್ಕೂ ಹೆಚ್ಚು ತಂಡಗಳು. ಒಂದೊಂದು ತಂಡ ಸಾಮಾನ್ಯ ಸೀಸನ್‌ನಲ್ಲಿ ಆಡುವುದು 12 ಪಂದ್ಯ ಮಾತ್ರ, ಅದರಲ್ಲೂ ಬಹುಪಾಲು ತನ್ನ ಗುಂಪಿನ ಒಳಗೇ. ಮಿಷಿಗನ್ ಬಿಗ್ ಟೆನ್ ಗುಂಪಿನದು. ವಾಷಿಂಗ್ಟನ್ ಆಗ ಪ್ಯಾಕ್-12 ಗುಂಪಿನಲ್ಲಿತ್ತು. ಫೈನಲ್‌ಗೆ ಬರುವವರೆಗೆ ಎರಡಕ್ಕೂ ಎದುರಾದ ತಂಡ ಮಿಷಿಗನ್ ಸ್ಟೇಟ್ ಒಂದೇ, ಅದನ್ನು ಎರಡೂ ಸುಲಭವಾಗಿ ಸೋಲಿಸಿದ್ದವು. ಹಾಗಾದರೆ ಹೋಲಿಸುವುದು ಹೇಗೆ?

ಅಭಿಮಾನಿಗಳು ಮೊದಲು ಹಿಡಿಯುವುದು ಸರಪಳಿ ವಾದ. ಆ ವರ್ಷ ಸರಪಳಿ ಸೊಗಸಾಗಿಯೇ ಸಿಕ್ಕಿತ್ತು. ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್ ತಂಡ ಅಲಬಾಮವನ್ನು ಅದರ ಸ್ವಂತ ನೆಲದಲ್ಲೇ 34-24ರಿಂದ ಸೋಲಿಸಿತ್ತು. ಜನವರಿ 1ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಶುಗರ್ ಬೌಲ್ ಎಂಬ ಸೆಮಿಫೈನಲ್‌ನಲ್ಲಿ ವಾಷಿಂಗ್ಟನ್ ಅದೇ ಟೆಕ್ಸಾಸನ್ನು 37-31ರಿಂದ ಸೋಲಿಸಿತು. ಅದೇ ದಿನ ಕ್ಯಾಲಿಫೋರ್ನಿಯಾದಲ್ಲಿ ನಡೆದ ಇನ್ನೊಂದು ಸೆಮಿಫೈನಲ್ ರೋಸ್ ಬೌಲ್‌ನಲ್ಲಿ ಮಿಷಿಗನ್ ಅಲಬಾಮವನ್ನು ಸೋಲಿಸಲು ಹೆಚ್ಚುವರಿ ಸಮಯದವರೆಗೆ ಒದ್ದಾಡಿತು, 27-20. ಅಂದ ಮೇಲೆ ವಾಷಿಂಗ್ಟನ್ ಮೇಲು, ಅಲ್ವಾ? ಕಾಗದದ ಮೇಲೆ ವಾದ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಸೆಪ್ಟೆಂಬರ್‌ನ ಅಲಬಾಮ ಬೇರೆ, ಜನವರಿಯ ಅಲಬಾಮ ಬೇರೆ. ಅದಕ್ಕಿಂತ ಮುಖ್ಯ, ಟೆಕ್ಸಾಸ್ ಅಲಬಾಮವನ್ನು ಸೋಲಿಸಿದ ಕಾರಣ ಮಿಷಿಗನ್ ಎದುರು ಕೆಲಸಕ್ಕೆ ಬರುತ್ತದೆ ಅಂತೇನೂ ಇಲ್ಲ. ಸರಪಳಿ ಹೇಳುವುದು ಅಂಕಗಳನ್ನು ಮಾತ್ರ. ಆ ಅಂಕ ಯಾಕೆ ಬಂತು ಅನ್ನುವುದನ್ನು ಹೇಳುವುದೇ ಇಲ್ಲ.

ಎರಡನೆಯ ವಾದ ಗೆಲುವಿನ ಅಂತರದ್ದು. ಮಿಷಿಗನ್ ಶುರುವಿನ ಪಂದ್ಯಗಳನ್ನು 30-3, 35-7, 31-6, 31-7 ಹೀಗೆ ಗೆದ್ದಿತ್ತು. ಎದುರಾಳಿಗಳು ದುರ್ಬಲರು ಅನ್ನುವ ಮಾತು ಇತ್ತು, ಅದು ನ್ಯಾಯವೇ. ಆದರೆ ಕೊನೆಗೆ ಪೆನ್ ಸ್ಟೇಟ್ ಮೇಲೆ 24-15, ಒಹಾಯೊ ಸ್ಟೇಟ್ ಮೇಲೆ 30-24, ಅಯೊವಾ ಮೇಲೆ 26-0 ಬಂದ ಮೇಲೆ ಆ ಮಾತು ತಣ್ಣಗಾಯಿತು. ಎದುರಾಳಿಗಳಿಗೆ ಪಂದ್ಯಕ್ಕೆ ಸರಾಸರಿ ಸುಮಾರು 10 ಅಂಕ ಮಾತ್ರ ಬಿಟ್ಟುಕೊಟ್ಟ ತಂಡ ಅದು. ದೇಶದಲ್ಲೇ ಅತಿ ಕಡಿಮೆ.

ವಾಷಿಂಗ್ಟನ್ ಕಥೆ ಬೇರೆ. ಫೈನಲ್‌ಗೆ ಮುಂಚಿನ ಹತ್ತು ಪಂದ್ಯಗಳ ಅಂಕ ನೋಡಿ: ಅರಿಜೋನಾ ಮೇಲೆ 31-24, ಒರೆಗನ್ ಮೇಲೆ 36-33, ಅರಿಜೋನಾ ಸ್ಟೇಟ್ ಮೇಲೆ 15-7, ಸ್ಟ್ಯಾನ್‌ಫರ್ಡ್ ಮೇಲೆ 42-33, ಯುಎಸ್‌ಸಿ ಮೇಲೆ 52-42, ಯೂಟಾ ಮೇಲೆ 35-28, ಒರೆಗನ್ ಸ್ಟೇಟ್ ಮೇಲೆ 22-20, ವಾಷಿಂಗ್ಟನ್ ಸ್ಟೇಟ್ ಮೇಲೆ 24-21, ಮತ್ತೆ ಒರೆಗನ್ ಮೇಲೆ 34-31, ಟೆಕ್ಸಾಸ್ ಮೇಲೆ 37-31. ಹತ್ತಕ್ಕೆ ಹತ್ತೂ ಹತ್ತು ಅಂಕದ ಒಳಗೇ. ಮಿಷಿಗನ್ ಕಡೆಯವರು ಇದನ್ನು ಅದೃಷ್ಟ ಅಂದರು. ವಾಷಿಂಗ್ಟನ್ ಕಡೆಯವರು ಇದನ್ನೇ ಗಟ್ಟಿ ಗುಂಡಿಗೆ ಅಂದರು. ನನಗೆ ಅನ್ನಿಸುವುದು ಹೀಗೆ: ತೀರ ಹತ್ತಿರದ ಪಂದ್ಯಗಳನ್ನು ಗೆಲ್ಲುವುದು ವರ್ಷದಿಂದ ವರ್ಷಕ್ಕೆ ಉಳಿಯುವ ಗುಣವಲ್ಲ. ಆದರೆ ಹತ್ತು ಸಲ ಅಂಚಿನಲ್ಲಿ ನಿಂತು ಹತ್ತೂ ಸಲ ಗೆದ್ದ ತಂಡವನ್ನು ಸುಮ್ನೆ ಅದೃಷ್ಟ ಅಂತ ತಳ್ಳಿಹಾಕುವುದೂ ತಪ್ಪು. ಒರೆಗನ್ನಿನಂಥ ತಂಡವನ್ನು ಒಂದೇ ವರ್ಷ ಎರಡು ಸಲ ಸೋಲಿಸುವುದು ಸಣ್ಣ ಮಾತಲ್ಲ. ಈ ಅಂಕಗಳು ನಿಜವಾಗಿ ಹೇಳುತ್ತಿದ್ದುದು ಬೇರೆಯದನ್ನು. ವಾಷಿಂಗ್ಟನ್ ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಪಡೆ, ಜಾಸ್ತಿ ಜಾಗ ಬಿಡುತ್ತಿತ್ತು. ಆ ಸಾಲವನ್ನು ತೀರಿಸುತ್ತಿದ್ದದ್ದು ಅದರ ಕ್ವಾರ್ಟರ್‌ಬ್ಯಾಕ್.

ಅವನೇ ಮೈಕಲ್ ಪೆನಿಕ್ಸ್ ಜೂನಿಯರ್. ಎಡಗೈ ಎಸೆತಗಾರ. ಆ ವರ್ಷ ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತಗಳಲ್ಲಿ ಎರಡನೆಯವನು. ಶುಗರ್ ಬೌಲ್‌ನಲ್ಲಿ 38 ಸಲ ಎಸೆದು 29 ಮುಟ್ಟಿಸಿ 430 ಗಜ ಗಳಿಸಿದ್ದ. ಅವನ ಎಸೆತಗಳನ್ನು ಹಿಡಿಯಲು ರೋಮ್ ಒಡುನ್ಜೆ, ಜಲಿನ್ ಪೋಲ್ಕ್, ಜೇಲನ್ ಮ್ಯಾಕ್‌ಮಿಲನ್ ಎಂಬ ಮೂವರು. ಮುಂದೆ ಮೂವರೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಸೇರಿದರು. ಒಬ್ಬನಿಗೆ ಇಬ್ಬರನ್ನು ಕಾವಲು ಇಟ್ಟರೆ ಉಳಿದಿಬ್ಬರು ಕೈಗೆ ಸಿಗುವುದಿಲ್ಲ. ಈ ಮೂವರ ಎದುರು ಮಿಷಿಗನ್‌ನ ವಿಲ್ ಜಾನ್ಸನ್, ಮೈಕ್ ಸೇನ್‌ರಿಸ್ಟಿಲ್ ಮತ್ತು ಅವರ ಜೊತೆಗಾರರು ನಿಲ್ಲುತ್ತಾರಾ? ಆ ವಾರ ಅತಿ ಹೆಚ್ಚು ಚರ್ಚೆಯಾದ ಮ್ಯಾಚಪ್ ಇದೇ.

ಮಿಷಿಗನ್ ಅಭಿಮಾನಿಗಳಲ್ಲಿ ಕೆಲವರಿಗೆ ಒಂದು ಹಳೆಯ ಗಾಯವೂ ನೆನಪಾಯಿತು. 2020ರಲ್ಲಿ ಪೆನಿಕ್ಸ್ ಇಂಡಿಯಾನಾ ತಂಡದಲ್ಲಿದ್ದ. ಆಗ ಇಂಡಿಯಾನಾ ಮಿಷಿಗನ್ನನ್ನು 38-21ರಿಂದ ಮಣಿಸಿತ್ತು. ಅವನೇ ಮತ್ತೆ ಬಂದನಲ್ಲ ಅನ್ನುವ ಭಯ. ಈ ನೆನಪಿಗೆ ತೂಕ ಕೊಡಬಾರದಿತ್ತು. ಆ ಪಂದ್ಯದ ಮಿಷಿಗನ್ ಡಿಫೆನ್ಸ್ ಕೋಚ್ ಆ ವರ್ಷದ ಕೊನೆಗೇ ಹೊರಗೆ ಹೋಗಿದ್ದರು. ಅವರ ಪದ್ಧತಿಯಲ್ಲಿ ಒಬ್ಬೊಬ್ಬ ರಿಸೀವರ್ ಹಿಂದೆ ಒಬ್ಬೊಬ್ಬನನ್ನು ಓಡಿಸುವುದೇ ಜಾಸ್ತಿ. 2023ರ ಹೊತ್ತಿಗೆ ಡಿಫೆನ್ಸ್ ಜೆಸ್ಸಿ ಮಿಂಟರ್ ಅವರ ಕೈಯಲ್ಲಿತ್ತು. ಅವರು ಮೊದಲು ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್‌ನಲ್ಲಿ ಕೆಲಸ ಮಾಡಿದವರು. ಕಾಲೇಜ್ ತಂಡಗಳಲ್ಲಿ ನಾಲ್ಕು ವರ್ಷಕ್ಕೆ ಇಡೀ ಆಟಗಾರರ ಪಡೆಯೇ ಬದಲಾಗುತ್ತದೆ. ಹೆಸರು, ಬಣ್ಣ, ಅಂಗಿ ಮಾತ್ರ ಅದೇ.

ಮಿಂಟರ್ ಪದ್ಧತಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಫೈನಲ್‌ನ ಅರ್ಧ ಕಥೆ ಇಲ್ಲೇ ಇದೆ. ಕ್ವಾರ್ಟರ್‌ಬ್ಯಾಕ್ ಆಟ ಶುರುವಾಗುವ ಮುಂಚೆ ಎದುರಿನ ಡಿಫೆನ್ಸ್ ನಿಂತಿರುವ ರೀತಿ ನೋಡಿ ಎಲ್ಲಿಗೆ ಎಸೆಯಬೇಕು ಅಂತ ಅಂದಾಜು ಮಾಡುತ್ತಾನೆ. ಮಿಷಿಗನ್ ಆ ಅಂದಾಜನ್ನೇ ಕೆಡಿಸುತ್ತಿತ್ತು. ಆರು ಜನ ಮುಂದಿನ ಸಾಲಿಗೆ ಬಂದು ನಿಂತು, ಎಲ್ಲರೂ ಮೇಲೆ ಬೀಳುವವರಂತೆ ತೋರಿಸುತ್ತಾರೆ. ಚೆಂಡು ಕೈಗೆ ಬಂದ ಕ್ಷಣ ನಾಲ್ವರು ಮಾತ್ರ ನುಗ್ಗುತ್ತಾರೆ. ಆ ನಾಲ್ವರಲ್ಲಿ ಒಬ್ಬ ಯಾರೂ ನಿರೀಕ್ಷಿಸದ ಕಡೆಯಿಂದ ಬರುತ್ತಾನೆ. ಉಳಿದ ಏಳು ಜನ ಹಿಂದೆ ಸರಿದು ಎಸೆತದ ದಾರಿಗಳನ್ನು ಮುಚ್ಚುತ್ತಾರೆ. ಹಿಂದೆ ಇಬ್ಬರು ಸೇಫ್ಟಿಗಳು ಆಳದಲ್ಲಿ ನಿಂತು ಉದ್ದದ ಎಸೆತಗಳಿಗೆ ಬಾಗಿಲು ಹಾಕುತ್ತಾರೆ. ಕ್ವಾರ್ಟರ್‌ಬ್ಯಾಕ್ ಮೊದಲು ಅಂದುಕೊಂಡದ್ದು ಸುಳ್ಳಾಗುತ್ತದೆ, ಮತ್ತೆ ಹುಡುಕಬೇಕು. ಆ ಅರ್ಧ ಸೆಕೆಂಡ್ ಸಾಕು.

ಇಂಥ ಡಿಫೆನ್ಸ್‌ಗೆ ಒಂದು ಷರತ್ತು ಇದೆ. ಮುಂದಿನ ನಾಲ್ವರೇ ಎದುರಿನ ಐವರನ್ನು ಹಿಂದಕ್ಕೆ ತಳ್ಳಬೇಕು. ಮಿಷಿಗನ್ ಮಧ್ಯದಲ್ಲಿ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್, ಕ್ರಿಸ್ ಜೆಂಕಿನ್ಸ್ ಎಂಬ ಮೂವರು ಭಾರಿ ಆಟಗಾರರು ಸರದಿಯಲ್ಲಿ ಬರುತ್ತಿದ್ದರು. ರೋಸ್ ಬೌಲ್‌ನಲ್ಲಿ ಮಿಷಿಗನ್ ಅಲಬಾಮದ ಕ್ವಾರ್ಟರ್‌ಬ್ಯಾಕ್‌ನನ್ನು ಆರು ಸಲ ಕೆಡವಿತ್ತು. ಆದರೆ ವಾಷಿಂಗ್ಟನ್ ಸಾಲು ಅಲಬಾಮದ್ದಲ್ಲ. ದೇಶದ ಅತ್ಯುತ್ತಮ ಆಫೆನ್ಸಿವ್ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿಯನ್ನು ಆ ವರ್ಷ ಗೆದ್ದದ್ದು ವಾಷಿಂಗ್ಟನ್. ಅದರ ಹಿಂದಿನ ಎರಡು ವರ್ಷ ಅದೇ ಪ್ರಶಸ್ತಿ ಮಿಷಿಗನ್‌ಗೆ ಹೋಗಿತ್ತು ಅನ್ನುವುದೂ ಚರ್ಚೆಗೆ ಒಳ್ಳೆಯ ಖಾರ ಹಾಕಿತು. ಇಡೀ ಸೀಸನ್‌ನಲ್ಲಿ ತೀರ ಕಡಿಮೆ ಸ್ಯಾಕ್ ಕೊಟ್ಟ ತಂಡಗಳಲ್ಲಿ ವಾಷಿಂಗ್ಟನ್ ಒಂದು. ಪೆನಿಕ್ಸ್ ಎಡಗೈಯವನಾದ್ದರಿಂದ ಅವನ ಬೆನ್ನ ಹಿಂದಿನ ಕಡೆ, ಅಂದರೆ ಅವನಿಗೆ ಕಾಣದ ಕಡೆ, ಬಲಭಾಗ. ಹೆಚ್ಚಿನ ತಂಡಗಳಲ್ಲಿ ಎಡ ಟ್ಯಾಕಲ್ (ಸಾಲಿನ ಎಡತುದಿಯವನು) ಮಾಡುವ ಕಾವಲನ್ನು ಇಲ್ಲಿ ಬಲ ಟ್ಯಾಕಲ್ ರೋಜರ್ ರೋಸನ್‌ಗಾರ್ಟನ್ ಮಾಡಬೇಕಿತ್ತು. ಮ್ಯಾಚಪ್ ನೋಡುವವರು ಇಂಥ ಸಣ್ಣ ವಿಷಯವನ್ನೂ ಬಿಡುವುದಿಲ್ಲ.

ಈಗ ವಾಷಿಂಗ್ಟನ್‌ನ ನಿಜವಾದ ಚಿಂತೆಗೆ ಬರೋಣ. ಶುಗರ್ ಬೌಲ್‌ನ ಕೊನೆಯ ನಿಮಿಷದಲ್ಲಿ ಅದರ ರನ್ನಿಂಗ್ ಬ್ಯಾಕ್ ಡಿಲನ್ ಜಾನ್ಸನ್ ಕಾಲಿಗೆ ಪೆಟ್ಟಾಯಿತು. ಗಡಿಯಾರ ನಿಂತಿತು. ಮುಗಿದೇ ಹೋಯಿತು ಅಂದುಕೊಂಡಿದ್ದ ಪಂದ್ಯದಲ್ಲಿ ಟೆಕ್ಸಾಸ್‌ಗೆ ಮತ್ತೊಂದು ಅವಕಾಶ ಸಿಕ್ಕಿ, ಕೊನೆಯ ಎಸೆತದವರೆಗೂ ಎಲ್ಲರ ಉಸಿರು ಬಿಗಿಹಿಡಿಸಿತು. ವಾಷಿಂಗ್ಟನ್ ಹೇಗೋ ಗೆದ್ದಿತು. ಆದರೆ ಜಾನ್ಸನ್ ಒಂದು ವಾರದಲ್ಲಿ ಎಷ್ಟು ಸುಧಾರಿಸುತ್ತಾನೆ ಅನ್ನುವ ಪ್ರಶ್ನೆ ಉಳಿಯಿತು.

ಎಸೆತವೇ ಪ್ರಾಣವಾಗಿರುವ ತಂಡಕ್ಕೆ ಓಡುವವನ ಕಾಲಿನ ಚಿಂತೆ ಯಾಕೆ? ಓಟದ ಭಯ ಇದ್ದರೆ ಡಿಫೆನ್ಸ್ ತನ್ನ ಒಬ್ಬ ಸೇಫ್ಟಿಯನ್ನು ಮುಂದೆ ತರಲೇಬೇಕು. ಅವನು ಮುಂದೆ ಬಂದರೆ ಆಳದಲ್ಲಿ ಜಾಗ ತೆರೆಯುತ್ತದೆ, ಒಡುನ್ಜೆ ಅಲ್ಲಿಗೆ ಓಡುತ್ತಾನೆ. ಓಟದ ಭಯ ಇಲ್ಲದಿದ್ದರೆ ಇಬ್ಬರೂ ಸೇಫ್ಟಿಗಳು ಹಾಯಾಗಿ ಹಿಂದೆಯೇ ನಿಲ್ಲಬಹುದು. ಅಂದರೆ ರಿಸೀವರ್‌ಗಳ ಮ್ಯಾಚಪ್ ರಿಸೀವರ್‌ಗಳಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಹತ್ತು ಗಜ ಆಚೆ ನಿಂತಿರುವ ಇನ್ನೊಬ್ಬನ ಪಾದದ ಮೇಲೂ ಅದು ನಿಂತಿದೆ. ಒಂದು ಮ್ಯಾಚಪ್ ಇನ್ನೊಂದನ್ನು ಎಳೆಯುವ ಈ ಕೊಂಡಿಗಳನ್ನು ಹುಡುಕುವುದರಲ್ಲೇ ಒಳ್ಳೆಯ ಅಭಿಮಾನಿಯ ಕಣ್ಣು ಗೊತ್ತಾಗುವುದು. ಆಟಗಾರರನ್ನು ಎರಡು ಸಾಲಿನಲ್ಲಿ ಬರೆದು ಇವನು ಮೇಲು, ಅವನು ಮೇಲು ಅಂತ ಟಿಕ್ ಹಾಕಿದರೆ ಇದು ಸಿಗುವುದೇ ಇಲ್ಲ.

ಚೆಂಡು ಮಿಷಿಗನ್ ಕೈಯಲ್ಲಿರುವಾಗಿನ ಮ್ಯಾಚಪ್ ಇಷ್ಟು ಚರ್ಚೆಯಾಗಲಿಲ್ಲ. ಅದು ನೋಡಲು ಅಷ್ಟು ಚಂದವಿಲ್ಲ, ಅದಕ್ಕೇ ಇರಬೇಕು. ಮಿಷಿಗನ್ ಓಡುವ ತಂಡ. ಪೆನ್ ಸ್ಟೇಟ್ ಎದುರು ಅದು ಸತತ 32 ಆಟಗಳನ್ನು ಓಟವಾಗಿಯೇ ಆಡಿತ್ತು. ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಇಡೀ ಪಂದ್ಯದಲ್ಲಿ ಎಂಟೇ ಸಲ ಎಸೆದಿದ್ದ. ಮುಖ್ಯ ಕೋಚ್ ಜಿಮ್ ಹಾರ್ಬಾ ಅಂದು ಮೈದಾನದಲ್ಲಿ ಇರಲೇ ಇಲ್ಲ. ಎದುರಾಳಿಗಳ ಸನ್ನೆ ಕದ್ದ ಆರೋಪದ ಗಲಾಟೆಯಲ್ಲಿ ಅವರಿಗೆ ಸಾಮಾನ್ಯ ಸೀಸನ್‌ನ ಕೊನೆಯ ಮೂರು ಪಂದ್ಯಗಳ ನಿಷೇಧ ಬಿದ್ದಿತ್ತು. ಅವರ ಜಾಗದಲ್ಲಿ ಶೆರೋನ್ ಮೂರ್ ತಂಡ ನಡೆಸಿದ್ದರು.

ಓಟಕ್ಕೆ ಬ್ಲೇಕ್ ಕೋರಮ್ ಇದ್ದ. ಆದರೆ ಅಭಿಮಾನಿಗಳಿಗೆ ಎರಡು ಅನುಮಾನ. ಒಂದು, ಬಲ ಗಾರ್ಡ್ (ಬಲ ಟ್ಯಾಕಲ್‌ನ ಒಳಪಕ್ಕದಲ್ಲಿ ನಿಲ್ಲುವವನು) ಜ್ಯಾಕ್ ಜಿಂಟರ್ ಒಹಾಯೊ ಸ್ಟೇಟ್ ಪಂದ್ಯದಲ್ಲಿ ಕಾಲು ಮುರಿದುಕೊಂಡು ಹೊರಗಿದ್ದ. ಅವನ ಜಾಗಕ್ಕೆ ಕಾರ್ಸನ್ ಬಾರ್ನ್‌ಹಾರ್ಟ್‌ನನ್ನು ಸರಿಸಿ, ಬಲ ಟ್ಯಾಕಲ್ ಜಾಗಕ್ಕೆ ಟ್ರೆಂಟ್ ಜೋನ್ಸ್‌ನನ್ನು ತಂದಿದ್ದರು. ಎರಡು, ಇನ್ನೊಬ್ಬ ಓಟಗಾರ ಡಾನವನ್ ಎಡ್ವರ್ಡ್ಸ್‌ಗೆ ಆ ವರ್ಷ ಓಟವೇ ಕುದುರಿರಲಿಲ್ಲ. 2022ರಲ್ಲಿ ಒಹಾಯೊ ಸ್ಟೇಟ್ ಮೇಲೆ 75 ಮತ್ತು 85 ಗಜದ ಓಟಗಳಲ್ಲಿ ಟಚ್‌ಡೌನ್ ಹೊಡೆದಿದ್ದ ಹುಡುಗ ಅವನು. 2023ರಲ್ಲಿ ಅವನ ಓಟಗಳು ಮೂರು ನಾಲ್ಕು ಗಜಕ್ಕೇ ನಿಲ್ಲುತ್ತಿದ್ದವು. ಆ ವಾರದ ಲೆಕ್ಕದಲ್ಲಿ ಅವನ ಹೆಸರು ಹೆಚ್ಚಿನವರ ಬಾಯಿಗೆ ಬರಲಿಲ್ಲ.

ವಾಷಿಂಗ್ಟನ್ ಕಡೆ ಅಂಚಿನಲ್ಲಿ ಬ್ರೇಲನ್ ಟ್ರೈಸ್ ಇದ್ದ, ಎಸೆಯುವವರ ಮೇಲೆ ನುಗ್ಗುವುದರಲ್ಲಿ ಗಟ್ಟಿಗ. ಟೆಕ್ಸಾಸ್‌ಗೆ ಅವನು ಕೊಟ್ಟ ಕಾಟ ಎಲ್ಲರ ಕಣ್ಣಲ್ಲಿತ್ತು. ಆದರೆ ಎಸೆಯದೇ ಓಡುವ ತಂಡದ ಎದುರು ಆ ಶಕ್ತಿ ಎಷ್ಟು ಉಪಯೋಗ? ಒಬ್ಬ ಆಟಗಾರನ ಹೆಚ್ಚಿನ ಬಲ, ಎದುರಾಳಿ ಆಡದ ಆಟದ ಮೇಲೆ ನಿಂತಿದ್ದರೆ, ಆ ಬಲಕ್ಕೆ ಅವತ್ತು ಬೆಲೆ ಕಡಿಮೆ. ಮಧ್ಯದಲ್ಲಿ ನುಗ್ಗುವ ಓಟವನ್ನು ತಡೆಯುವುದರಲ್ಲಿ ವಾಷಿಂಗ್ಟನ್ ಸೀಸನ್ ಉದ್ದಕ್ಕೂ ಹೆಣಗಿತ್ತು. ಪೆನಿಕ್ಸ್ ಎಸೆದು ಎಸೆದು ಮುನ್ನಡೆ ತಂದುಕೊಟ್ಟಾಗ ಎದುರಾಳಿಗಳು ಓಟ ಬಿಟ್ಟು ಎಸೆಯಲೇಬೇಕಾಗುತ್ತಿತ್ತು. ಆಗ ಆ ದೌರ್ಬಲ್ಯ ಮುಚ್ಚಿಹೋಗುತ್ತಿತ್ತು. ಮಿಷಿಗನ್ ಮುಂದೆ ಇದ್ದರೆ ಅದು ಬಯಲಾಗುತ್ತದೆ ಅನ್ನುವುದು ಲೆಕ್ಕ ಬಲ್ಲವರ ಎಣಿಕೆ. ಇಡೀ ವಾರದಲ್ಲಿ ಕೇಳಿಬಂದ ಅತಿ ಜಾಣ ಮಾತು ಇದು ಅಂತ ನನ್ನ ಅಭಿಪ್ರಾಯ.

ಕಿಕ್ ಆಟಗಳ ಚಿಂತೆಯೂ ಮಿಷಿಗನ್‌ಗೆ ಇತ್ತು. ರೋಸ್ ಬೌಲ್‌ನಲ್ಲಿ ಒದ್ದು ಬಂದ ಚೆಂಡನ್ನು ಎರಡು ಸಲ ಕೈಬಿಟ್ಟು, ಒಂದು ಹೆಚ್ಚುವರಿ ಅಂಕವನ್ನೂ ಕಳೆದುಕೊಂಡಿತ್ತು.

ಬೆಟ್ಟಿಂಗ್ ಮಾರುಕಟ್ಟೆ ಮಿಷಿಗನ್ ಮೇಲೆ ಸುಮಾರು ನಾಲ್ಕೂವರೆ ಅಂಕದ ಒಲವು ತೋರಿಸಿತ್ತು. ಇದನ್ನು ಓದುವುದು ಹೇಗೆ ಅಂತ ತಿಳಿದಿರಲಿ. ಮಿಷಿಗನ್ ಗೆಲ್ಲುವುದು ಖಂಡಿತ ಅಂತ ಅಲ್ಲ. ಎರಡು ತಂಡಗಳ ನಡುವೆ ಒಂದು ಟಚ್‌ಡೌನಿನಷ್ಟೂ ಅಂತರ ಇಲ್ಲ, ಆದರೂ ಸ್ವಲ್ಪ ಈ ಕಡೆ ವಾಲಿದೆ ಅಂತ. ಎರಡು ಸೋಲಿಲ್ಲದ ತಂಡಗಳಿಗೆ ಇದು ನ್ಯಾಯವಾದ ಅಂದಾಜೇ.

ಪಂದ್ಯ ಶುರುವಾದಾಗ ಮೊದಲ ಪೆಟ್ಟು ಕೊಟ್ಟದ್ದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಎಡ್ವರ್ಡ್ಸ್. 41 ಗಜ ಓಡಿ ಟಚ್‌ಡೌನ್. ಮತ್ತೆ 46 ಗಜ ಓಡಿ ಇನ್ನೊಂದು. ಆಮೇಲೆ ಕೋರಮ್ 59 ಗಜದ ಓಟ. ಅದರ ಬೆನ್ನಿಗೆ ಫೀಲ್ಡ್ ಗೋಲ್ ಬಂದು 17-3. ಸಾಲುಗಳ ಮ್ಯಾಚಪ್ ಮಿಷಿಗನ್ ಪಾಲಾಯಿತು ಅಂತ ಎಲ್ಲರಿಗೂ ಗೊತ್ತಾಯಿತು.

ಆದರೆ ಅಲ್ಲಿಗೇ ಪಂದ್ಯ ಮುಗಿಯಲಿಲ್ಲ. ಈ ಭಾಗವನ್ನು ಜನ ಮರೆಯುತ್ತಾರೆ. ಎರಡನೆಯ ಕ್ವಾರ್ಟರ್‌ನಿಂದ (ಪಂದ್ಯದ ನಾಲ್ಕು ಭಾಗಗಳಲ್ಲಿ ಎರಡನೆಯದು) ವಾಷಿಂಗ್ಟನ್ ಡಿಫೆನ್ಸ್ ಸುಧಾರಿಸಿಕೊಂಡಿತು. ಮಿಷಿಗನ್ ತುಂಬ ಹೊತ್ತು ಒಂದೇ ಒಂದು ಫೀಲ್ಡ್ ಗೋಲ್ ಬಿಟ್ಟರೆ ಏನೂ ಗಳಿಸಲಿಲ್ಲ. ಮಧ್ಯಂತರಕ್ಕೆ ಮುಂಚೆ ನಾಲ್ಕನೆಯ ಡೌನಿನಲ್ಲಿ ಪೆನಿಕ್ಸ್ ಮ್ಯಾಕ್‌ಮಿಲನ್‌ಗೆ ಎಸೆದು ಟಚ್‌ಡೌನ್ ತೆಗೆದ. 17-10. ನಾಲ್ಕನೆಯ ಕ್ವಾರ್ಟರ್ ಅರ್ಧ ಕಳೆಯುವವರೆಗೂ ಅಂಕ 20-13. ಒಂದು ಒಳ್ಳೆಯ ಎಸೆತ ಬಂದಿದ್ದರೆ ಸಮ.

ಆ ಎಸೆತ ಬರಲಿಲ್ಲ. ಯಾಕೆ ಅನ್ನುವುದು ಈ ಪಂದ್ಯದ ಅತಿ ಉಪಯುಕ್ತ ಪಾಠ. ಮಿಷಿಗನ್ ಪೆನಿಕ್ಸ್‌ನನ್ನು ಕೆಡವಿದ್ದು ಇಡೀ ಪಂದ್ಯದಲ್ಲಿ ಒಂದೇ ಸಲ. ಬರೀ ಸ್ಯಾಕ್ ಸಂಖ್ಯೆ ನೋಡಿದವನು ವಾಷಿಂಗ್ಟನ್ ಸಾಲು ಗೆದ್ದಿತು ಅನ್ನುತ್ತಾನೆ. ನಿಜ ಹಾಗಿರಲಿಲ್ಲ. ಚೆಂಡು ಬಿಟ್ಟ ಮೇಲೂ ಪೆನಿಕ್ಸ್‌ಗೆ ಏಟು ಬೀಳುತ್ತಲೇ ಇತ್ತು. ಮುಂದೆ ಹೆಜ್ಜೆ ಇಟ್ಟು ಎಸೆಯಲು ಜಾಗ ಸಿಗುತ್ತಿರಲಿಲ್ಲ. ಕೊನೆಕೊನೆಗೆ ಅವನು ಕುಂಟುತ್ತಿದ್ದ. ತೆರೆದು ನಿಂತಿದ್ದ ಒಡುನ್ಜೆಗೂ ಎಸೆತ ತಪ್ಪಿತು. ಟೆಕ್ಸಾಸ್ ಎದುರು ಪ್ರತಿ ಎಸೆತಕ್ಕೆ 11 ಗಜಕ್ಕಿಂತ ಜಾಸ್ತಿ ಗಳಿಸಿದ್ದವನು ಇಲ್ಲಿ 51 ಎಸೆತಕ್ಕೆ 255 ಗಜ ಗಳಿಸಿದ. ಸರಿಯಾಗಿ 5 ಗಜ. ದ್ವಿತೀಯಾರ್ಧದ ಮೊದಲ ಆಟದಲ್ಲೇ ವಿಲ್ ಜಾನ್ಸನ್ ಅವನ ಎಸೆತ ಕದ್ದ. ಕೊನೆಯಲ್ಲಿ ಸೇನ್‌ರಿಸ್ಟಿಲ್ ಇನ್ನೊಂದನ್ನು ಹಿಡಿದು 81 ಗಜ ಓಡಿದ. ಈ ಸೇನ್‌ರಿಸ್ಟಿಲ್ 2021ರವರೆಗೆ ರಿಸೀವರ್ ಆಗಿದ್ದವನು, ಆಮೇಲೆ ಡಿಫೆನ್ಸ್‌ಗೆ ಬಂದವನು. ಎರಡು ಟಚ್‌ಡೌನ್ ಕೋರಮ್ ಹೆಸರಿಗೆ ಬಂದು ಪಂದ್ಯ 34-13ಕ್ಕೆ ಮುಗಿಯಿತು.

ಡಿಲನ್ ಜಾನ್ಸನ್ ಆಡಿದ, ಆದರೆ ಆ ಕಾಲಿನಲ್ಲಿ ಹೆಚ್ಚೇನೂ ಸಾಧ್ಯವಿರಲಿಲ್ಲ. ವಾಷಿಂಗ್ಟನ್ ಇಡೀ ತಂಡ ಓಟದಲ್ಲಿ ಗಳಿಸಿದ್ದು 46 ಗಜ. ಮಿಷಿಗನ್ ಓಟದಲ್ಲಿ ಗಳಿಸಿದ್ದು 303. ವಾಷಿಂಗ್ಟನ್‌ನ ಓಟ, ಎಸೆತ ಎರಡನ್ನೂ ಕೂಡಿದರೆ 301. ಮಿಷಿಗನ್ ಕ್ವಾರ್ಟರ್‌ಬ್ಯಾಕ್ ಮೆಕಾರ್ಥಿ ಎಸೆದದ್ದು 18 ಸಲ, ಅದರಲ್ಲಿ ಟಚ್‌ಡೌನ್ ಒಂದೂ ಇಲ್ಲ. ಮೂರು ತಿಂಗಳ ನಂತರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಪೆನಿಕ್ಸ್ ಎಂಟನೆಯವನಾಗಿ, ಒಡುನ್ಜೆ ಒಂಬತ್ತನೆಯವನಾಗಿ, ಮೆಕಾರ್ಥಿ ಹತ್ತನೆಯವನಾಗಿ ಹೋದರು. ಆ ರಾತ್ರಿ ಎಲ್ಲರ ಕಣ್ಣು ನೆಟ್ಟಿದ್ದ ಈ ಮೂವರ ಕೈಯಲ್ಲಿ ಪಂದ್ಯ ತೀರ್ಮಾನವಾಗಲಿಲ್ಲ.

ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸುತ್ತುಗಳಿಗೆ ಪ್ಲೇಆಫ್ ಅನ್ನುತ್ತಾರೆ; ಆ ಸೀಸನ್ ನಾಲ್ಕೇ ತಂಡಗಳ ಪ್ಲೇಆಫ್‌ನ ಕೊನೆಯದು. ಅಲ್ಲಿ ಮ್ಯಾಚಪ್ ಲೆಕ್ಕ ತಂಡಗಳ ಆಯ್ಕೆಯಲ್ಲೇ ಶುರುವಾಗುತ್ತಿತ್ತು. 13 ಪಂದ್ಯ ಗೆದ್ದು ಒಂದೂ ಸೋಲದ ಫ್ಲಾರಿಡಾ ಸ್ಟೇಟ್ ತಂಡವನ್ನು ಆಯ್ಕೆ ಸಮಿತಿ ಹೊರಗಿಟ್ಟಿತು, ಅದರ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲಿಗೆ ಪೆಟ್ಟಾಗಿತ್ತು ಅನ್ನುವ ಕಾರಣಕ್ಕೆ. ಆ ಜಾಗ ಅಲಬಾಮಕ್ಕೆ ಸಿಕ್ಕಿತು. ಗೆದ್ದ ಪಂದ್ಯಗಳಿಗಿಂತ ಮುಂದೆ ಹೇಗೆ ಆಡಬಹುದು ಅನ್ನುವ ಊಹೆಗೆ ತೂಕ ಕೊಟ್ಟದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಊಹಿಸುವುದು ಅಭಿಮಾನಿಗಳ ಕೆಲಸ. ಆಟಗಾರರು ಮೈದಾನದಲ್ಲಿ ಗಳಿಸಿದ್ದನ್ನು ಊಹೆಯ ಆಧಾರದ ಮೇಲೆ ಕಿತ್ತುಕೊಳ್ಳಬಾರದು.

2024ರಿಂದ ಪ್ಲೇಆಫ್‌ನಲ್ಲಿ 12 ತಂಡ. ಈಗ ತೂಗಬೇಕಾದ ವಿಷಯಗಳೂ ಹೆಚ್ಚಿವೆ. ಮೊದಲ ಸುತ್ತು ಒಂದು ತಂಡದ ಸ್ವಂತ ಮೈದಾನದಲ್ಲೇ ನಡೆಯುತ್ತದೆ. ಮೊದಲ ವರ್ಷ ಆ ನಾಲ್ಕೂ ಪಂದ್ಯಗಳನ್ನು ಮನೆಯ ತಂಡಗಳೇ ಗೆದ್ದವು: ನೋಟರ್ ಡೇಮ್, ಪೆನ್ ಸ್ಟೇಟ್, ಟೆಕ್ಸಾಸ್, ಒಹಾಯೊ ಸ್ಟೇಟ್. ಮೊದಲ ಸುತ್ತು ಆಡದೇ ನೇರವಾಗಿ ಕ್ವಾರ್ಟರ್ ಫೈನಲ್‌ಗೆ ಬಂದ ಒರೆಗನ್, ಜಾರ್ಜಿಯಾ, ಬಾಯ್ಸಿ ಸ್ಟೇಟ್, ಅರಿಜೋನಾ ಸ್ಟೇಟ್ ನಾಲ್ಕೂ ಸೋತವು. ಮೂರು ವಾರದ ಬಿಡುವು ಗಾಯ ಮಾಗಿಸುತ್ತದೆ, ಆದರೆ ಆಟದ ಲಯವನ್ನೂ ತಪ್ಪಿಸುತ್ತದೆ ಅನ್ನುವ ಮಾತು ಅಂದಿನಿಂದ ಶುರುವಾಗಿದೆ. ಒಂದೇ ವರ್ಷದ ನಾಲ್ಕು ಪಂದ್ಯದಿಂದ ಅಷ್ಟು ದೊಡ್ಡ ತೀರ್ಮಾನ ನಾನು ಮಾಡುವುದಿಲ್ಲ. ಬಿಡುವು ಸಿಕ್ಕ ನಾಲ್ವರಲ್ಲಿ ಇಬ್ಬರು ದೊಡ್ಡ ತಂಡಗಳ ಎದುರು ಶಕ್ತಿಯಲ್ಲೇ ಕಡಿಮೆ ಇದ್ದವರು. ಜಾರ್ಜಿಯಾ ತನ್ನ ಮೊದಲ ಕ್ವಾರ್ಟರ್‌ಬ್ಯಾಕ್ ಇಲ್ಲದೇ ಆಡಿತು.

ಒರೆಗನ್ನಿನದ್ದು ಮಾತ್ರ ಯೋಚಿಸಬೇಕಾದ ಕೇಸು. ಅಕ್ಟೋಬರ್‌ನಲ್ಲಿ ಅದು ಒಹಾಯೊ ಸ್ಟೇಟ್ ಅನ್ನು 32-31ರಿಂದ ಸೋಲಿಸಿತ್ತು. ಜನವರಿ 1ರಂದು ಅದೇ ಎದುರಾಳಿ, ಸ್ಕೋರ್ 41-21, ಗೆದ್ದದ್ದು ಒಹಾಯೊ ಸ್ಟೇಟ್. ಒಂದೇ ಸೀಸನ್‌ನಲ್ಲಿ ಎರಡನೆಯ ಸಲ ಎದುರಾಗುವ ತಂಡಗಳನ್ನು ತೂಗುವಾಗ ಮೊದಲ ಪಂದ್ಯದ ಅಂಕ ಪಕ್ಕಕ್ಕಿಟ್ಟು, ಅಂದು ಸೋತವರು ಯಾವ ಮ್ಯಾಚಪ್‌ನಲ್ಲಿ ಸೋತರು, ಅದನ್ನು ಸರಿಪಡಿಸಲು ಅವರ ಬಳಿ ಆಟಗಾರರು ಇದ್ದಾರಾ ಅಂತ ನೋಡಬೇಕು. ಒಹಾಯೊ ಸ್ಟೇಟ್ ಬಳಿ ಇದ್ದರು. ಅದೇ ತಂಡ 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟರ್ ಡೇಮ್ ಮೇಲೆ 34-23ರಿಂದ ಗೆದ್ದು 12 ತಂಡಗಳ ಕಾಲದ ಮೊದಲ ಚಾಂಪಿಯನ್ ಆಯಿತು.